ಡೇಟಾ ಸೆಂಟರ್, ಊರಿನ ಹಿತ ಮತ್ತು ಮನೆಯ ವಿದ್ಯುತ್ ಬಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಡೇಟಾ ಸೆಂಟರ್ ನಿಜಕ್ಕೂ ಅಷ್ಟೊಂದು ವಿದ್ಯುತ್ ಬಳಸುತ್ತದೆಯೇ?

ಹೌದು. ಡೇಟಾ ಸೆಂಟರ್ ಎಂದರೆ ಅಂತರ್ಜಾಲ ಸೇವೆಗಳನ್ನು ನಡೆಸುವ ಸರ್ವರ್‌ಗಳನ್ನು, ಅಂದರೆ ದೊಡ್ಡ ಕಂಪ್ಯೂಟರ್‌ಗಳನ್ನು, ಸಾಲು ಸಾಲಾಗಿ ಇರಿಸಿದ ಕಟ್ಟಡ. ಹೊರಗಿನಿಂದ ಕಿಟಕಿಯಿಲ್ಲದ ಗೋದಾಮಿನಂತೆ ಕಾಣುವ ಈ ಕಟ್ಟಡಗಳನ್ನು ಆ ಉದ್ಯಮದವರು ಅಳೆಯುವುದೇ ಮೆಗಾವಾಟ್ ಲೆಕ್ಕದಲ್ಲಿ. 100 ಮೆಗಾವಾಟ್‌ನ ಕೇಂದ್ರವೊಂದು ಪೂರ್ಣ ಸಾಮರ್ಥ್ಯದಲ್ಲಿ ಹಗಲಿರುಳು ನಡೆದರೆ ದಿನಕ್ಕೆ 24 ಲಕ್ಷ ಯೂನಿಟ್ ಬೇಕಾಗುತ್ತದೆ. ಅಮೆರಿಕದ ಸರಾಸರಿ ಮನೆ ದಿನಕ್ಕೆ ಸುಮಾರು 30 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ ಇದು 80 ಸಾವಿರ ಮನೆಗಳ ಬಳಕೆಗೆ ಸಮ. ಕೃತಕ ಬುದ್ಧಿಮತ್ತೆಗಾಗಿ ಈಗ ಯೋಜಿಸುತ್ತಿರುವ ಆವರಣಗಳಲ್ಲಿ ಕೆಲವು ಇದರ ಹತ್ತು ಪಟ್ಟು ದೊಡ್ಡವು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 415 ಶತಕೋಟಿ ಯೂನಿಟ್ ಬಳಸಿದವು. ಇದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟು. 2030ರ ಹೊತ್ತಿಗೆ ಈ ಬಳಕೆ 945 ಶತಕೋಟಿ ಯೂನಿಟ್ ಮುಟ್ಟಬಹುದು ಎಂದು ಅದೇ ಸಂಸ್ಥೆ ಹೇಳಿದೆ. ಶೇ 1.5 ಎಂಬುದು ಚಿಕ್ಕ ಸಂಖ್ಯೆಯೇ. ಆದರೆ ಈ ಕಟ್ಟಡಗಳು ಜಗತ್ತಿನಾದ್ಯಂತ ಸಮನಾಗಿ ಹಂಚಿಹೋಗಿಲ್ಲ, ಕೆಲವೇ ಕಡೆ ಗುಂಪುಗೂಡಿವೆ. ಐರ್ಲೆಂಡ್‌ನಲ್ಲಿ 2015ರಲ್ಲಿ ಶೇ 5ರಷ್ಟಿದ್ದ ಅವುಗಳ ಪಾಲು 2023ರಲ್ಲಿ ಶೇ 21ಕ್ಕೆ ಏರಿ, ದೇಶದ ನಗರ ಪ್ರದೇಶಗಳ ಮನೆಗಳೆಲ್ಲ ಸೇರಿ ಬಳಸುವುದನ್ನೂ ಮೀರಿತು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ವಿದ್ಯುತ್ತಿನ ಸುಮಾರು ಕಾಲು ಭಾಗ ಇವುಗಳಿಗೇ ಹೋಗುತ್ತದೆ.

ಅವರು ಬಳಸಿದ್ದಕ್ಕೆ ಅವರೇ ಹಣ ಕಟ್ಟುತ್ತಾರಲ್ಲ, ನಮ್ಮ ಮನೆಯ ಬಿಲ್ ಏಕೆ ಏರಬೇಕು?

ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಉತ್ತರಿಸಬೇಕಾಗುತ್ತದೆ.

ವಿದ್ಯುತ್ ಬಿಲ್ಲಿನಲ್ಲಿ ಬಳಸಿದ ಯೂನಿಟ್‌ಗಳ ಬೆಲೆ ಒಂದು ಭಾಗ ಮಾತ್ರ. ಉಳಿದದ್ದು ವಿದ್ಯುತ್ ಸ್ಥಾವರಗಳು, ದೂರದಿಂದ ಅಧಿಕ ವೋಲ್ಟೇಜಿನಲ್ಲಿ ವಿದ್ಯುತ್ ಸಾಗಿಸುವ ಪ್ರಸರಣ ಮಾರ್ಗಗಳು, ಉಪಕೇಂದ್ರಗಳು, ಟ್ರಾನ್ಸ್‌ಫಾರ್ಮರ್‌ಗಳು ಮತ್ತು ನಿಮ್ಮ ಬೀದಿಯ ತಂತಿಗಳಿಗೆ ಹಾಕಿದ ಬಂಡವಾಳವನ್ನು ಮೂವತ್ತು ನಲವತ್ತು ವರ್ಷಗಳ ಕಾಲ ಕಂತಿನಲ್ಲಿ ತೀರಿಸುವ ಹಣ. ಈ ಬಂಡವಾಳವನ್ನು ಗೃಹಬಳಕೆ, ವಾಣಿಜ್ಯ, ಕೈಗಾರಿಕೆ ಎಂಬ ಗ್ರಾಹಕ ವರ್ಗಗಳ ನಡುವೆ ಹೇಗೆ ಹಂಚಬೇಕೆಂಬುದನ್ನು ವಿದ್ಯುತ್ ನಿಯಂತ್ರಣ ಆಯೋಗ ತೀರ್ಮಾನಿಸುತ್ತದೆ. ಹಂಚಿಕೆಯ ಸೂತ್ರಗಳಲ್ಲಿ ಬಹುಪಾಲು ಬೇಡಿಕೆ ಮೆಲ್ಲಗೆ ಬೆಳೆಯುತ್ತಿದ್ದ ಕಾಲದಲ್ಲಿ ರೂಪುಗೊಂಡವು. ಹೊಸ ಕಾರ್ಖಾನೆಯೊಂದು ಬಂದರೆ ಅದಕ್ಕಾಗಿ ಎಳೆದ ದೊಡ್ಡ ಮಾರ್ಗದ ವೆಚ್ಚವನ್ನು ಎಲ್ಲರಿಗೂ ಹಂಚುವುದು ಆಗ ತಪ್ಪೆನಿಸುತ್ತಿರಲಿಲ್ಲ. ಮಾರ್ಗ ಎಲ್ಲರಿಗೂ ಉಪಯೋಗಕ್ಕೆ ಬರುತ್ತಿತ್ತು, ಒಬ್ಬೊಬ್ಬರ ಪಾಲಿಗೆ ಬೀಳುತ್ತಿದ್ದದ್ದೂ ಅಲ್ಪ. ಈಗ ಒಬ್ಬನೇ ಗ್ರಾಹಕ ಒಂದು ನಗರದಷ್ಟು ವಿದ್ಯುತ್ ಕೇಳುತ್ತಿದ್ದಾನೆ, ಹಲವೆಡೆ ಸೂತ್ರ ಮಾತ್ರ ಹಳೆಯದೇ ಉಳಿದಿದೆ.

ಇನ್ನೊಂದು ದಾರಿ ಮಾರುಕಟ್ಟೆಯದು. ಅಮೆರಿಕದ 13 ರಾಜ್ಯಗಳಿಗೂ ವಾಷಿಂಗ್ಟನ್ ನಗರಕ್ಕೂ ವಿದ್ಯುತ್ ಜಾಲ ನಡೆಸುವ ಪಿಜೆಎಂ ಸಂಸ್ಥೆ, ಅತಿ ಹೆಚ್ಚು ಬೇಡಿಕೆಯ ದಿನಗಳಲ್ಲಿ ಕೈಕೊಡದೆ ಸಿದ್ಧವಾಗಿರುವಂತೆ ಸ್ಥಾವರಗಳಿಗೆ ಹಣ ಕೊಡುತ್ತದೆ. ಅದರ ದರ ಮುಂಚಿತವಾಗಿ ನಡೆಯುವ ಹರಾಜಿನಲ್ಲಿ ನಿಗದಿಯಾಗುತ್ತದೆ. 2024–25ನೇ ಸಾಲಿಗೆ ಒಂದು ಮೆಗಾವಾಟ್‌ಗೆ ದಿನಕ್ಕೆ ಸುಮಾರು 29 ಡಾಲರ್ ಇದ್ದ ದರ ಮರುವರ್ಷಕ್ಕೆ 270 ಡಾಲರ್‌ಗೆ ನೆಗೆಯಿತು. ಅದರ ಮುಂದಿನ ವರ್ಷಕ್ಕೆ 329 ಡಾಲರ್ ಆಯಿತು, ಅದೂ ಮಿತಿ ಹಾಕಿದ್ದರಿಂದ ಅಲ್ಲಿಗೆ ನಿಂತಿತು. 270 ಡಾಲರ್ ದರ ಬಂದ ಹರಾಜಿನ ಒಟ್ಟು ವೆಚ್ಚದಲ್ಲಿ 930 ಕೋಟಿ ಡಾಲರ್‌ನಷ್ಟು, ಅಂದರೆ ಅರ್ಧಕ್ಕಿಂತ ಹೆಚ್ಚು, ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಬಂದದ್ದೆಂದು ಆ ಮಾರುಕಟ್ಟೆಯ ಸ್ವತಂತ್ರ ಮೇಲ್ವಿಚಾರಕರು ಲೆಕ್ಕ ಹಾಕಿದರು. ಇಲ್ಲಿ ಯಾರೂ ಕಾನೂನು ಮುರಿದಿಲ್ಲ. ಪೂರೈಕೆ ಇದ್ದಷ್ಟೇ ಇದ್ದು ಬೇಡಿಕೆ ಏರಿದಾಗ, ಹೆಚ್ಚು ಬಳಸದ ಮನೆಯವರೂ ಹೊಸ ದರವನ್ನೇ ತೆರಬೇಕಾಯಿತು, ಅಷ್ಟೆ.

ದೊಡ್ಡ ಗ್ರಾಹಕರು ಬಂದರೆ ಎಲ್ಲರ ದರವೂ ಇಳಿಯುತ್ತದೆ ಎನ್ನುತ್ತಾರಲ್ಲ?

ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜಾಲದಲ್ಲಿ ಬಳಕೆಯಾಗದ ಸಾಮರ್ಥ್ಯವಿದ್ದರೆ, ಹೊಸಬರು ಬಂದು ಅದನ್ನು ಬಳಸಿ ಹಣ ಕಟ್ಟಿದಾಗ ಹಳೆಯ ಬಂಡವಾಳದ ಹೊರೆ ಹೆಚ್ಚು ಜನರ ನಡುವೆ ಹಂಚಿಹೋಗುತ್ತದೆ. ಅಮೆರಿಕದಲ್ಲಿ 2019ರಿಂದ 2024ರ ನಡುವೆ ಬೇಡಿಕೆ ಹೆಚ್ಚಿದ ರಾಜ್ಯಗಳಲ್ಲಿ ದರ ಏರಿಕೆ ಒಟ್ಟಾರೆ ಕಡಿಮೆಯೇ ಇತ್ತೆಂದು ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಧ್ಯಯನ ತೋರಿಸಿದೆ. ವರ್ಜೀನಿಯಾ ಶಾಸನಸಭೆಯ ಪರಿಶೀಲನಾ ಸಮಿತಿ 2024ರ ಡಿಸೆಂಬರ್‌ನಲ್ಲಿ ನೀಡಿದ ವರದಿಯೂ, ಅಂದಿನ ದರಗಳಲ್ಲಿ ಡೇಟಾ ಸೆಂಟರ್‌ಗಳು ತಮ್ಮ ಪಾಲಿನ ವೆಚ್ಚವನ್ನು ಭರಿಸುತ್ತಿವೆ ಎಂದೇ ಹೇಳಿತ್ತು.

ಆದರೆ ಆ ವರದಿಯ ಮುಂದಿನ ಪುಟಗಳನ್ನೂ ಓದಬೇಕು. ಬೇಡಿಕೆ ಹೀಗೇ ಬೆಳೆದರೆ ಹೊಸ ಸ್ಥಾವರಗಳೂ ಹೊಸ ಮಾರ್ಗಗಳೂ ಬೇಕಾಗುತ್ತವೆ, ಅದರಿಂದ 2040ರ ಹೊತ್ತಿಗೆ ಸಾಮಾನ್ಯ ಮನೆಯೊಂದರ ಬಿಲ್ ಹಣದುಬ್ಬರವನ್ನು ಬಿಟ್ಟು ತಿಂಗಳಿಗೆ 14ರಿಂದ 37 ಡಾಲರ್‌ನಷ್ಟು ಏರಬಹುದು ಎಂದು ಅದೇ ಸಮಿತಿ ಅಂದಾಜಿಸಿದೆ. ಖಾಲಿ ಬಿದ್ದ ಸಾಮರ್ಥ್ಯ ತುಂಬುವವರೆಗೆ ಹೊಸ ಗ್ರಾಹಕರಿಂದ ಎಲ್ಲರಿಗೂ ಲಾಭ. ಅದು ತುಂಬಿ, ದುಬಾರಿ ಹೊಸ ನಿರ್ಮಾಣ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ನಿಮ್ಮ ಪ್ರದೇಶ ಈ ಗಡಿಯ ಯಾವ ಬದಿಯಲ್ಲಿದೆ ಎಂಬುದನ್ನು ತಿಳಿಸದೆ ‘ದರ ಇಳಿಯುತ್ತದೆ’ ಎಂದಾಗಲಿ ‘ದರ ಏರುತ್ತದೆ’ ಎಂದಾಗಲಿ ಹೇಳುವವರ ಮಾತಿಗೆ ಹೆಚ್ಚಿನ ಬೆಲೆ ಕೊಡಬೇಕಿಲ್ಲ.

ಕಂಪನಿ ‘ಬರುತ್ತೇವೆ’ ಎಂದು ಹೇಳಿ ಬಾರದೇ ಹೋದರೆ?

ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ. ಡೇಟಾ ಸೆಂಟರ್ ಕಟ್ಟಲು ಎರಡು ಮೂರು ವರ್ಷ ಸಾಕು. ಅದಕ್ಕಾಗಿ ಕಟ್ಟುವ ಸ್ಥಾವರ ಮತ್ತು ಪ್ರಸರಣ ಮಾರ್ಗಗಳ ಸಾಲ ತೀರಲು ಮೂರು ನಾಲ್ಕು ದಶಕ ಬೇಕು. ನಡುವೆ ಕಂಪನಿ ಮನಸ್ಸು ಬದಲಿಸಿದರೆ, ಅಥವಾ ಕಡಿಮೆ ವಿದ್ಯುತ್ ಬಳಸುವ ಚಿಪ್‌ಗಳು ಬಂದು ಬೇಡಿಕೆ ಅರ್ಧಕ್ಕಿಳಿದರೆ, ಕಟ್ಟಿದ ಕಂಬ ತಂತಿಗಳ ಸಾಲ ಮಾತ್ರ ಉಳಿದವರ ಬಿಲ್ಲಿನಲ್ಲಿ ಉಳಿದುಬಿಡುತ್ತದೆ.

ಸಾಲದ್ದಕ್ಕೆ, ಎಲ್ಲಿ ಬೇಗ ಸಂಪರ್ಕ ಸಿಗುತ್ತದೋ ನೋಡೋಣ ಎಂದು ಒಂದೇ ಯೋಜನೆಗೆ ನಾಲ್ಕಾರು ಕಡೆ ಅರ್ಜಿ ಹಾಕುವ ರೂಢಿಯೂ ಇದೆ. ಓಹಾಯೊದಲ್ಲಿ ಏಇಪಿ ಓಹಾಯೊ ಎಂಬ ವಿದ್ಯುತ್ ಕಂಪನಿಯ ಮುಂದೆ ಸುಮಾರು 30,000 ಮೆಗಾವಾಟ್‌ನಷ್ಟು ಬೇಡಿಕೆ ಸಾಲುಗಟ್ಟಿತ್ತು. ಬಳಸಿದರೂ ಬಳಸದಿದ್ದರೂ ಹಣ ಕಟ್ಟಬೇಕೆಂಬ ನಿಯಮ 2025ರಲ್ಲಿ ಜಾರಿಗೆ ಬಂದ ಮೇಲೆ ಅದು ಸುಮಾರು 13,000 ಮೆಗಾವಾಟ್‌ಗೆ ಇಳಿಯಿತು. ಹಳೆಯ ಸಂಖ್ಯೆಯನ್ನು ನಂಬಿ ಸ್ಥಾವರಗಳನ್ನು ಕಟ್ಟಿದ್ದರೆ ಅದರ ಹೊರೆ ಯಾರ ತಲೆಗೆ ಬರುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಆ ನಿಯಮದಲ್ಲಿ ಏನಿದೆ? ಪ್ರತ್ಯೇಕ ದರ ವರ್ಗ ಎಂದರೇನು?

ದೊಡ್ಡ ಬೇಡಿಕೆಯ ಗ್ರಾಹಕರನ್ನು ಉಳಿದ ಕೈಗಾರಿಕೆಗಳಿಂದ ಬೇರ್ಪಡಿಸಿ, ಅವರಿಗಾಗಿಯೇ ಒಂದು ವರ್ಗವನ್ನೂ ಒಂದು ಒಪ್ಪಂದದ ಮಾದರಿಯನ್ನೂ ರೂಪಿಸುವುದಕ್ಕೆ ಈ ಹೆಸರು. ಓಹಾಯೊ ಆಯೋಗದ 2025ರ ಜುಲೈ ಆದೇಶದಂತೆ 25 ಮೆಗಾವಾಟ್‌ಗಿಂತ ದೊಡ್ಡ ಹೊಸ ಡೇಟಾ ಸೆಂಟರ್‌ಗಳು ತಾವು ಕಾಯ್ದಿರಿಸಿದ ಸಾಮರ್ಥ್ಯದ ಕನಿಷ್ಠ ಶೇ 85ಕ್ಕೆ, ಬಳಕೆ ಹಂತಹಂತವಾಗಿ ಏರುವ ಆರಂಭದ ವರ್ಷಗಳೂ ಸೇರಿ 12 ವರ್ಷಗಳವರೆಗೆ, ಬಳಸದಿದ್ದರೂ ಹಣ ಕಟ್ಟಬೇಕು. ವರ್ಜೀನಿಯಾದಲ್ಲಿ ಡೊಮಿನಿಯನ್ ಕಂಪನಿಯ 25 ಮೆಗಾವಾಟ್ ಮೀರಿದ ಗ್ರಾಹಕರಿಗಾಗಿ ಆಯೋಗ 2025ರ ನವೆಂಬರ್‌ನಲ್ಲಿ ಹೊಸ ವರ್ಗವನ್ನು ಒಪ್ಪಿತು. ಒಪ್ಪಂದದ ಅವಧಿ 14 ವರ್ಷ, ಪ್ರಸರಣ ಮತ್ತು ವಿತರಣೆಯ ಬೇಡಿಕೆಯ ಶೇ 85ಕ್ಕೂ ಉತ್ಪಾದನೆಯ ಬೇಡಿಕೆಯ ಶೇ 60ಕ್ಕೂ ಕನಿಷ್ಠ ಪಾವತಿ ಕಡ್ಡಾಯ. ಆರೆಗನ್ ರಾಜ್ಯ ಇದನ್ನು ಶಾಸನದ ಮೂಲಕವೇ ತಂದು, 20 ಮೆಗಾವಾಟ್ ಮೀರಿದವರನ್ನು ಪ್ರತ್ಯೇಕ ವರ್ಗದಲ್ಲಿಟ್ಟು, ಕನಿಷ್ಠ 10 ವರ್ಷಗಳ ಒಪ್ಪಂದವನ್ನು ವಿಧಿಸಿದೆ.

ಇಂಥ ಒಪ್ಪಂದವನ್ನು ಓದುವಾಗ ಕಣ್ಣು ಮೊದಲು ಹೋಗಬೇಕಾದದ್ದು ನಿರ್ಗಮನ ಶುಲ್ಕದ ಕಲಮಿನ ಮೇಲೆ. ಅವಧಿಗೆ ಮುನ್ನ ಬಿಟ್ಟುಹೋದರೆ ಎಷ್ಟು ಕಟ್ಟಬೇಕು, ಅದಕ್ಕೆ ಯಾರ ಖಾತರಿಯಿದೆ ಎಂಬುದು ಅಲ್ಲಿರುತ್ತದೆ. ಸಹಿ ಹಾಕುವುದು ಜಗದ್ವಿಖ್ಯಾತ ಕಂಪನಿಯೇ ಎಂದು ಊರಿನವರು ನಂಬಿರುತ್ತಾರೆ. ಕಾಗದದ ಮೇಲೆ ಹಲವು ಬಾರಿ ಇರುವುದು ಆ ಯೋಜನೆಗೆಂದೇ ಹುಟ್ಟುಹಾಕಿದ, ಸ್ವಂತ ಆಸ್ತಿಯೇನೂ ಇಲ್ಲದ ಒಂದು ಉಪಕಂಪನಿ. ಮಾತೃ ಕಂಪನಿಯ ಖಾತರಿಯೋ ಬ್ಯಾಂಕ್ ಖಾತರಿಯೋ ನಗದು ಠೇವಣಿಯೋ ಇಲ್ಲದಿದ್ದರೆ ಶೇ 85ರ ನಿಯಮಕ್ಕೆ ಹಲ್ಲಿರುವುದಿಲ್ಲ.

ವಿದ್ಯುತ್ ಜಾಲದ ಸುರಕ್ಷತೆಗೆ ಇವುಗಳಿಂದ ತೊಂದರೆಯಿದೆಯೇ?

2024ರ ಜುಲೈ 10ರ ಸಂಜೆ ಉತ್ತರ ವರ್ಜೀನಿಯಾದಲ್ಲಿ ನಡೆದದ್ದನ್ನು ನೋಡಿದರೆ ಸಾಕು. 230 ಕಿಲೋವೋಲ್ಟ್ ಮಾರ್ಗವೊಂದರಲ್ಲಿ ಮಿಂಚು ನಿರೋಧಕ ಕೆಟ್ಟಿತು. ಮಾರ್ಗ ತಾನಾಗಿಯೇ ಮತ್ತೆ ಮತ್ತೆ ಕೂಡಿಕೊಳ್ಳಲು ಯತ್ನಿಸಿದಾಗ ಒಂದೂವರೆ ನಿಮಿಷದೊಳಗೆ ವೋಲ್ಟೇಜು ಹಲವು ಬಾರಿ ಕುಸಿದು ಎದ್ದಿತು. ಒಂದು ನಿಮಿಷದಲ್ಲಿ ಮೂರು ಬಾರಿ ಹೀಗಾದರೆ ಜಾಲದ ಸಂಪರ್ಕ ಬಿಟ್ಟು ಸ್ವಂತ ಬ್ಯಾಟರಿ ಮತ್ತು ಜನರೇಟರ್‌ಗೆ ಹೋಗುವಂತೆ ಅನೇಕ ಡೇಟಾ ಸೆಂಟರ್‌ಗಳ ಉಪಕರಣಗಳನ್ನು ಹೊಂದಿಸಲಾಗಿತ್ತು. ಸುಮಾರು 60 ಕೇಂದ್ರಗಳು ಒಟ್ಟಿಗೇ ಕಳಚಿಕೊಂಡವು, 1,500 ಮೆಗಾವಾಟ್ ಬೇಡಿಕೆ ಕ್ಷಣಮಾತ್ರದಲ್ಲಿ ಮಾಯವಾಯಿತು. ಉತ್ಪಾದನೆ ಹಾಗೇ ಮುಂದುವರಿದಿದ್ದರಿಂದ ವೋಲ್ಟೇಜು ಏರಿತು, ಜಾಲ ನಡೆಸುವವರು ಅವಸರದಲ್ಲಿ ಅದನ್ನು ಹತೋಟಿಗೆ ತರಬೇಕಾಯಿತು. ಕಳಚಿಕೊಂಡ ಕೇಂದ್ರಗಳನ್ನು ಮತ್ತೆ ಸೇರಿಸಲು ಜನ ಕೈಯಿಂದಲೇ ಸ್ವಿಚ್ ಒತ್ತಬೇಕಿತ್ತು.

ಸಣ್ಣ ಅಡಚಣೆಗಳನ್ನು ತಾಳಿಕೊಳ್ಳುವ ಗುಣವನ್ನು ಸಂಪರ್ಕದ ಷರತ್ತಾಗಿಸಬೇಕು ಎಂಬ ಒತ್ತಾಯಕ್ಕೆ ಈ ಘಟನೆ ಬಲ ಕೊಟ್ಟಿತು. ಟೆಕ್ಸಾಸ್ ರಾಜ್ಯ 2025ರಲ್ಲಿ ತಂದ ಕಾನೂನು 75 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡ ಹೊಸ ಗ್ರಾಹಕರು ತುರ್ತು ಸ್ಥಿತಿಯಲ್ಲಿ ಬೇಡಿಕೆ ಇಳಿಸಲು ಸಿದ್ಧರಿರಬೇಕು ಎನ್ನುತ್ತದೆ. ರಾಜ್ಯದೊಳಗೆ ಬೇರೆಡೆಯೂ ಅದೇ ಯೋಜನೆಗೆ ಅರ್ಜಿ ಹಾಕಿದ್ದರೆ ಅದನ್ನು ತಿಳಿಸಬೇಕೆಂದೂ ಅದರಲ್ಲಿದೆ. ಬೇಡಿಕೆ ಇಳಿಸುವ ಈ ಷರತ್ತು ಕಾಣುವಷ್ಟು ಕಠಿಣವೇನಲ್ಲ. ದೊಡ್ಡ ಗ್ರಾಹಕರು ವರ್ಷದ ಒಟ್ಟು ಬಳಕೆಯಲ್ಲಿ ಶೇ 0.25ರಷ್ಟನ್ನು ಮಾತ್ರ ಬಿಟ್ಟುಕೊಟ್ಟರೂ ಅಮೆರಿಕದ ಈಗಿನ ಜಾಲ ಇನ್ನೂ 76,000 ಮೆಗಾವಾಟ್ ಹೊಸ ಬೇಡಿಕೆಯನ್ನು ಹೊರಬಲ್ಲದು ಎಂದು ಡ್ಯೂಕ್ ವಿಶ್ವವಿದ್ಯಾಲಯದ 2025ರ ಅಧ್ಯಯನ ಅಂದಾಜಿಸಿದೆ. ಕೆಲವು ಗಂಟೆ ತಗ್ಗಲು ಒಪ್ಪಿದವರಿಗೆ ಬೇಗ ಸಂಪರ್ಕ, ಒಪ್ಪದವರು ಸಾಲಿನಲ್ಲಿ ಕಾಯಲಿ ಎಂಬ ನೀತಿ ನನಗೆ ನ್ಯಾಯವೆನಿಸುತ್ತದೆ.

ತಮಗೆ ಬೇಕಾದ ವಿದ್ಯುತ್ತನ್ನು ಅವರೇ ಉತ್ಪಾದಿಸಿಕೊಂಡರೆ ಸಮಸ್ಯೆ ಮುಗಿಯಿತಲ್ಲವೇ?

ಬಿಲ್ಲಿನ ಸಮಸ್ಯೆ ಸ್ವಲ್ಪ ತಗ್ಗಬಹುದು, ಆದರೆ ಗಾಳಿಯ ಸಮಸ್ಯೆ ಶುರುವಾಗಬಹುದು. ಟೆನೆಸ್ಸೀಯ ಮೆಂಫಿಸ್ ನಗರದಲ್ಲಿ ಎಕ್ಸ್‌ಎಐ ಎಂಬ ಕೃತಕ ಬುದ್ಧಿಮತ್ತೆ ಕಂಪನಿಯ ಕೇಂದ್ರಕ್ಕೆ ‘ತಾತ್ಕಾಲಿಕ’ವೆಂದು ಹೇಳಿ ಅನಿಲ ಟರ್ಬೈನ್‌ಗಳನ್ನು ತಂದಿರಿಸಿ ನಡೆಸಲಾಯಿತು, ಅನುಮತಿ ಬಂದದ್ದು ಆಮೇಲೆ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಆರೋಗ್ಯ ಇಲಾಖೆ 2025ರ ಜುಲೈನಲ್ಲಿ 15 ಟರ್ಬೈನ್‌ಗಳಿಗೆ ಅನುಮತಿ ಕೊಟ್ಟಿತು. ಸುತ್ತಲಿನ ಬಡಾವಣೆಗಳು ಮೊದಲೇ ಕೈಗಾರಿಕೆಗಳ ಹೊಗೆ ಕುಡಿಯುತ್ತಿದ್ದವು. ‘ತಾತ್ಕಾಲಿಕ’ ಎಂಬ ಒಂದೇ ಪದದ ಆಧಾರದ ಮೇಲೆ ಅನುಮತಿಯಿಲ್ಲದೆ ಯಂತ್ರ ಹೂಡುವುದಕ್ಕೆ ನಿಯಮದಲ್ಲಿ ಎಡೆ ಇರಬಾರದು.

ನೀರಿನ ವಿಷಯ ಹೇಗೆ?

ಸರ್ವರ್‌ಗಳು ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ನೀರು ಆವಿಯಾಗಿಸಿಯೇ ಹೊರಹಾಕಿದರೆ ಯೂನಿಟ್ ಒಂದಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಬೇಕು, ಇದು ಭೌತವಿಜ್ಞಾನದ ಲೆಕ್ಕ. ಅಂದರೆ ಒಂದು ಮೆಗಾವಾಟ್‌ಗೆ ದಿನಕ್ಕೆ ಸುಮಾರು 35 ಸಾವಿರ ಲೀಟರ್. ಹವೆ ತಂಪಿರುವ ದಿನಗಳಲ್ಲಿ ಹೊರಗಿನ ಗಾಳಿಯೇ ಸಾಕಾಗುವುದರಿಂದ ವರ್ಷದ ಸರಾಸರಿ ಇದಕ್ಕಿಂತ ಕಡಿಮೆ. ಆದರೆ ಊರಿನ ಕೆರೆ ನದಿಗಳು ಬತ್ತುವ ಬೇಸಿಗೆಯಲ್ಲೇ ಕೇಂದ್ರಕ್ಕೂ ಹೆಚ್ಚು ನೀರು ಬೇಕಾಗುತ್ತದೆ. ವರ್ಷದ ಸರಾಸರಿಯನ್ನಷ್ಟೇ ತೋರಿಸುವ ಅರ್ಜಿಯನ್ನು ಹಿಂದಿರುಗಿಸಿ, ಅತಿ ಬಿಸಿಯ ದಿನದ ಬಳಕೆಯನ್ನು ಕೇಳಬೇಕು.

ನೀರು ಬಳಸದೆ ಯಂತ್ರಗಳಿಂದಲೇ ತಂಪು ಮಾಡಬಹುದು, ಆಗ ವಿದ್ಯುತ್ ಹೆಚ್ಚು ಬೇಕು. ಕೇಂದ್ರದ ಒಟ್ಟು ವಿದ್ಯುತ್ತನ್ನು ಸರ್ವರ್‌ಗಳ ವಿದ್ಯುತ್ತಿನಿಂದ ಭಾಗಿಸಿ ಬರುವ ಪಿಯುಇ ಎಂಬ ಸೂಚ್ಯಂಕ (1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಚೆನ್ನಾಗಿದೆ ಎಂದು ಕಂಪನಿಗಳು ಹೆಮ್ಮೆಯಿಂದ ಹೇಳುವಾಗ, ಆ ಚೆಂದ ನೀರು ಸುರಿದು ಬಂದದ್ದೇ ಎಂದು ಕೇಳುವುದು ಒಳ್ಳೆಯದು. ಜರ್ಮನಿಯ 2023ರ ಕಾನೂನು 2026ರ ಜುಲೈನಿಂದ ಆರಂಭವಾಗುವ ಕೇಂದ್ರಗಳಿಗೆ ಈ ಸೂಚ್ಯಂಕ 1.2 ಮೀರಬಾರದೆಂದೂ, ಹೊರಬರುವ ಶಾಖದ ಒಂದು ಪಾಲನ್ನು ಮರುಬಳಸಬೇಕೆಂದೂ ವಿಧಿಸಿತು.

ಇಂಥ ಅಂಕಿ ಅಂಶಗಳು ಜನರಿಗೆ ಸಿಗುತ್ತವೆಯೇ?

ಸುಲಭವಾಗಿ ಸಿಗುವುದಿಲ್ಲ. ಆರೆಗನ್‌ನ ದ ಡಾಲ್ಸ್ ಎಂಬ ಸಣ್ಣ ಊರಿನಲ್ಲಿ ಗೂಗಲ್ ಕೇಂದ್ರ ಎಷ್ಟು ನೀರು ಬಳಸುತ್ತದೆ ಎಂದು ಪತ್ರಿಕೆಯೊಂದು ಕೇಳಿದಾಗ, ಅದು ವ್ಯಾಪಾರದ ಗುಟ್ಟು ಎಂದು ವಾದಿಸಿ ನಗರಾಡಳಿತವೇ ಕೋರ್ಟಿಗೆ ಹೋಯಿತು. ವರ್ಷಕ್ಕೂ ಹೆಚ್ಚು ಕಾಲದ ನಂತರ, 2022ರ ಡಿಸೆಂಬರ್‌ನಲ್ಲಿ, ಲೆಕ್ಕ ಹೊರಬಂತು. ಊರಿನ ಒಟ್ಟು ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಆ ಒಂದು ಕಂಪನಿಗೇ ಹೋಗುತ್ತಿತ್ತು. ಊರಿನ ನೀರಿನ ಲೆಕ್ಕವನ್ನು ಊರಿನವರಿಂದಲೇ ಮುಚ್ಚಿಡಲು ಊರಿನ ಆಡಳಿತ ವಕೀಲರನ್ನಿಟ್ಟಿತ್ತು ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ಐರೋಪ್ಯ ಒಕ್ಕೂಟ 2024ರಿಂದ 500 ಕಿಲೋವಾಟ್ ಮೀರಿದ ಕೇಂದ್ರಗಳು ವಿದ್ಯುತ್ ಮತ್ತು ನೀರಿನ ಬಳಕೆಯನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿದೆ.

ಶಬ್ದದ ದೂರುಗಳಲ್ಲಿ ಹುರುಳಿದೆಯೇ?

ಇದೆ. ತಂಪುಕಾರಕ ಫ್ಯಾನ್‌ಗಳ ಗುಂಯ್‌ಗುಡುವಿಕೆ ರಾತ್ರಿಯೂ ನಿಲ್ಲುವುದಿಲ್ಲ. ಕೆಳಸ್ಥಾಯಿಯ ಆ ನಾದ ಗೋಡೆ ದಾಟಿ ಬರುತ್ತದೆ; ಮಾನವ ಕಿವಿಗೆ ಹೊಂದಿಸಿದ ಸಾಮಾನ್ಯ ಡೆಸಿಬಲ್ ಮಾಪನ ಅದನ್ನು ಕಡಿಮೆಯಾಗಿಯೇ ತೋರಿಸುತ್ತದೆ. ಹಾಗಾಗಿ ‘ಮಿತಿಯೊಳಗೇ ಇದೆ’ ಎಂಬ ಉತ್ತರವೂ ‘ನಿದ್ದೆ ಬರುತ್ತಿಲ್ಲ’ ಎಂಬ ದೂರೂ ಒಟ್ಟಿಗೇ ನಿಜವಾಗಿರಬಹುದು. ಅರಿಜೋನಾದ ಚಾಂಡ್ಲರ್ ನಗರ 2022ರಲ್ಲಿ ಇಂಥ ದೂರುಗಳ ನಂತರವೇ ಡೇಟಾ ಸೆಂಟರ್‌ಗಳಿಗೆ ಪ್ರತ್ಯೇಕ ನಿಯಮ ತಂದಿತು. ತುರ್ತು ಬಳಕೆಯ ಡೀಸೆಲ್ ಜನರೇಟರ್‌ಗಳನ್ನು ಪರೀಕ್ಷೆಗಾಗಿ ಆಗಾಗ ಚಾಲೂ ಮಾಡಬೇಕಾಗುತ್ತದೆ. ಆ ಪರೀಕ್ಷೆಗಳನ್ನು ಹಗಲಿಗೆ, ಅದೂ ಒಂದೊಂದಾಗಿ ಮಾಡುವಂತೆ ಷರತ್ತು ಹಾಕುವುದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ಉದ್ಯೋಗ, ತೆರಿಗೆ ಬರುತ್ತದಲ್ಲ?

ತೆರಿಗೆ ಬರಬಹುದು, ಉದ್ಯೋಗ ಅಷ್ಟಾಗಿ ಇಲ್ಲ. ಮೇಲೆ ಹೇಳಿದ ವರ್ಜೀನಿಯಾ ವರದಿಯ ಪ್ರಕಾರ ಎರಡೂವರೆ ಲಕ್ಷ ಚದರಡಿಯ ಕೇಂದ್ರ ಕಟ್ಟುವ ಕಾಲದಲ್ಲಿ ಗರಿಷ್ಠ 1,500ರಷ್ಟು ಜನ ದುಡಿಯುತ್ತಾರೆ, ಕಟ್ಟಿ ಮುಗಿದ ಮೇಲೆ ಉಳಿಯುವುದು ಸುಮಾರು 50 ಕೆಲಸಗಳು, ಅದರಲ್ಲೂ ಅರ್ಧದಷ್ಟು ಗುತ್ತಿಗೆಯವು. ಆಸ್ತಿ ಮತ್ತು ಉಪಕರಣಗಳ ತೆರಿಗೆಯಿಂದ ವರ್ಜೀನಿಯಾದ ಲೌಡನ್‌ನಂಥ ಕೌಂಟಿಗಳಿಗೆ ಭಾರಿ ಆದಾಯ ಬಂದಿರುವುದು ನಿಜ. ಅದೇ ವೇಳೆಗೆ ರಾಜ್ಯ ಸರ್ಕಾರ ಉಪಕರಣ ಖರೀದಿಗೆ ಮಾರಾಟ ತೆರಿಗೆಯ ವಿನಾಯಿತಿ ಕೊಡುತ್ತಿರುತ್ತದೆ. ಕೌಂಟಿ ಗಳಿಸಿದ್ದನ್ನು ಹೇಳಿ ರಾಜ್ಯ ಬಿಟ್ಟುಕೊಟ್ಟದ್ದನ್ನು ಹೇಳದಿದ್ದರೆ ಅದು ಅರ್ಧ ಲೆಕ್ಕ.

ನಿಷೇಧಿಸಿಬಿಟ್ಟರೆ ಆಗದೇ?

ತಾತ್ಕಾಲಿಕ ತಡೆ ಕೆಲವು ಕಡೆ ಪ್ರಯೋಜನಕ್ಕೆ ಬಂದಿದೆ. ಸಿಂಗಪುರ 2019ರಲ್ಲಿ ಹೊಸ ಕೇಂದ್ರಗಳನ್ನು ತಡೆದು, 2022ರಲ್ಲಿ ಕಟ್ಟುನಿಟ್ಟಾದ ದಕ್ಷತೆಯ ಷರತ್ತುಗಳೊಂದಿಗೆ ಮತ್ತೆ ತೆರೆಯಿತು. ನೆದರ್ಲೆಂಡ್ಸ್ 2022ರಲ್ಲಿ ಅತಿ ದೊಡ್ಡ ಕೇಂದ್ರಗಳಿಗೆ ಒಂಬತ್ತು ತಿಂಗಳ ತಡೆ ಹಾಕಿ, ಆ ಅವಧಿಯಲ್ಲಿ ಎಲ್ಲೆಲ್ಲಿ ಕಟ್ಟಬಹುದೆಂಬ ನಿಯಮ ಬರೆಯಿತು. ತಡೆಯ ಅವಧಿಯಲ್ಲಿ ನಿಯಮ ಬರೆಯದಿದ್ದರೆ ತಡೆ ಹಾಕಿಯೂ ಫಲವಿಲ್ಲ.

ಒಂದು ಊರು ಒಂಟಿಯಾಗಿ ‘ಬೇಡ’ ಎಂದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ ಎನ್ನುವಂತಿಲ್ಲ. ಅರಿಜೋನಾದ ಟೂಸಾನ್ ನಗರಸಭೆ 2025ರ ಆಗಸ್ಟ್‌ನಲ್ಲಿ ‘ಪ್ರಾಜೆಕ್ಟ್ ಬ್ಲೂ’ ಎಂಬ ಯೋಜನೆಯನ್ನು ಸರ್ವಾನುಮತದಿಂದ ತಿರಸ್ಕರಿಸಿತು. ಯೋಜಕರು ನಗರದ ನೀರಿನ ಹಂಗು ಬಿಟ್ಟು, ವಿನ್ಯಾಸ ಬದಲಿಸಿ, ನಗರದ ಗಡಿಯಾಚೆ ಅದನ್ನೇ ಮುಂದುವರಿಸಿದರು. ಪಕ್ಕದ ಊರಿನಲ್ಲಿ ಕಟ್ಟಿದರೂ ವಿದ್ಯುತ್ ಜಾಲ ಒಂದೇ, ಬಿಲ್ಲಿನ ಮೇಲಿನ ಪರಿಣಾಮವೂ ಹೆಚ್ಚುಕಡಿಮೆ ಅದೇ. ಜಾಗ, ನೀರು, ಶಬ್ದಗಳ ಪ್ರಶ್ನೆ ಸ್ಥಳೀಯ ಆಡಳಿತದ ಮುಂದೆ, ದರದ ಪ್ರಶ್ನೆ ನಿಯಂತ್ರಣ ಆಯೋಗದ ಮುಂದೆ; ಎರಡೂ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ.

ಸಾಮಾನ್ಯ ನಾಗರಿಕರು ಯಾವ ಹಂತದಲ್ಲಿ, ಏನು ಕೇಳಬೇಕು?

ಆದಷ್ಟು ಮೊದಲೇ. ಲೌಡನ್ ಕೌಂಟಿ 2025ರ ಮಾರ್ಚ್‌ವರೆಗೂ ಹಲವು ವಲಯಗಳಲ್ಲಿ ಸಾರ್ವಜನಿಕ ವಿಚಾರಣೆಯೇ ಇಲ್ಲದೆ ಡೇಟಾ ಸೆಂಟರ್ ಕಟ್ಟಲು ಬಿಟ್ಟಿತ್ತು. ಆ ಹಕ್ಕನ್ನು ತೆಗೆದು ಪ್ರತಿ ಯೋಜನೆಯೂ ಚುನಾಯಿತ ಸದಸ್ಯರ ಮುಂದೆ ಬರುವಂತೆ ಮಾಡಿದಾಗ, ಅಲ್ಲಿ ಆಗಲೇ ಜಗತ್ತಿನಲ್ಲೇ ಅತಿ ದಟ್ಟವಾದ ಡೇಟಾ ಸೆಂಟರ್ ಸಮೂಹ ಬೆಳೆದು ನಿಂತಿತ್ತು. ಅದರ ನೆರೆಯ ಪ್ರಿನ್ಸ್ ವಿಲಿಯಂ ಕೌಂಟಿಯಲ್ಲಿ 2,000 ಎಕರೆಗೂ ಹೆಚ್ಚಿನ ಯೋಜನೆಯೊಂದಕ್ಕೆ ಕೊಟ್ಟ ಭೂಬಳಕೆ ಬದಲಾವಣೆಯನ್ನು 2025ರ ಆಗಸ್ಟ್‌ನಲ್ಲಿ ನ್ಯಾಯಾಲಯ ರದ್ದು ಮಾಡಿತು. ವಿಚಾರಣೆಯ ಪ್ರಕಟಣೆಯನ್ನು ಕ್ರಮಬದ್ಧವಾಗಿ ಕೊಟ್ಟಿರಲಿಲ್ಲ ಎಂಬುದು ಕಾರಣ. ಪತ್ರಿಕೆಯ ಮೂಲೆಯಲ್ಲಿ ಬರುವ ಆ ಸಣ್ಣ ಅಕ್ಷರದ ಪ್ರಕಟಣೆಯ ದಿನಾಂಕವನ್ನು ಗುರುತು ಹಾಕಿಟ್ಟುಕೊಂಡವರ ಶ್ರಮ ಅಲ್ಲಿ ಫಲಿಸಿತು.

ವಿಚಾರಣೆಯಲ್ಲಿ ಮಾತಾಡಲು ಸಾಮಾನ್ಯವಾಗಿ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ಒಳಿತು ಕೆಡುಕುಗಳಿಗೆ ಇಳಿಯದೆ ಹೀಗೆ ಕೇಳಿ: ಈ ಕೇಂದ್ರಕ್ಕೆಂದೇ ಕಟ್ಟುವ ಉಪಕೇಂದ್ರ ಮತ್ತು ಮಾರ್ಗಗಳ ವೆಚ್ಚ ಎಷ್ಟು, ಅದರಲ್ಲಿ ಎಷ್ಟು ಪಾಲು ಗೃಹಬಳಕೆದಾರರ ವರ್ಗಕ್ಕೆ ಬೀಳುತ್ತದೆ, ಕೇಂದ್ರ ಐದನೇ ವರ್ಷದಲ್ಲಿ ಮುಚ್ಚಿದರೆ ಉಳಿದ ಸಾಲವನ್ನು ಕಟ್ಟುವವರು ಯಾರು, ಆ ಖಾತರಿ ಪತ್ರದ ಮೇಲೆ ಯಾವ ಕಂಪನಿಯ ಹೆಸರಿದೆ, ಅತಿ ಬಿಸಿಯ ದಿನ ಎಷ್ಟು ನೀರು ಬೇಕು. ‘ಆಮೇಲೆ ತಿಳಿಸುತ್ತೇವೆ’ ಎಂಬ ಉತ್ತರ ಬಂದರೆ ಅದು ನಡಾವಳಿಯಲ್ಲಿ ದಾಖಲಾಗಲಿ ಎಂದು ಹೇಳಿ, ಲಿಖಿತ ಉತ್ತರ ಬರುವವರೆಗೆ ಮತಕ್ಕೆ ಹಾಕಬಾರದೆಂದು ಕೋರಿ ಅರ್ಜಿ ಕೊಟ್ಟು, ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ.